ಧಾರವಾಡದ ಹತ್ತಿ, ಲಿವರ್‌ಪೂಲಿನ ತೀರ್ಪು

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಬೆಳೆದ ನವನಗರದ ಮಗ್ಗುಲಲ್ಲೇ ಇರುವ ಅಮರಗೋಳದ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣಕ್ಕೆ ಬರುವ ಮಾಲುಗಳಲ್ಲಿ ಹತ್ತಿಯಷ್ಟು ದೀರ್ಘವಾದ ವ್ಯಾಜ್ಯದ ಚರಿತ್ರೆ ಬೇರೆ ಯಾವುದಕ್ಕೂ ಇಲ್ಲ. ಒಂದು ಊರಿನಲ್ಲಿ ತಪಾಸಣೆಯಾಗಿ ಇಂಥ ದರ್ಜೆಯದೆಂದು ಗುರುತು ಪಡೆದ ಸರಕನ್ನು ದೂರದ ದೇಶದ ಕೊಳ್ಳುಗನು ಮತ್ತೆ ಬಿಚ್ಚಿ ನೋಡದೆ ಒಪ್ಪಬೇಕೇ, ಒಪ್ಪದಿದ್ದರೆ ಆ ತಪಾಸಣೆಯ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಈ ವ್ಯಾಜ್ಯದ ತಿರುಳು. ಇಂದು ಅಂತರರಾಷ್ಟ್ರೀಯ ವ್ಯಾಪಾರದ ಕಾನೂನಿನಲ್ಲಿ ಮಾನದಂಡಗಳ ಪರಸ್ಪರ ಮಾನ್ಯತೆ ಎಂದು ಚರ್ಚೆಯಾಗುವ ವಿಷಯವು ಹುಬ್ಬಳ್ಳಿಯ ಪೇಟೆಗೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲೇ ಎದುರಾಗಿತ್ತು. ಆದರೆ ಆಗ ಮಾನ್ಯತೆ ಒಂದೇ ದಿಕ್ಕಿನಿಂದ ಬರುತ್ತಿತ್ತು ಮತ್ತು ಅದನ್ನು ಕೊಡುವ ಅಥವಾ ಕೊಡದಿರುವ ಅಧಿಕಾರ ಪೂರ್ತಿಯಾಗಿ ಕೊಳ್ಳುವವನ ಕೈಯಲ್ಲಿತ್ತು.

ಪರಸ್ಪರ ಮಾನ್ಯತೆ ಎಂದರೆ, ಎರಡು ದೇಶಗಳ ನಿಯಮಗಳು ಬೇರೆಬೇರೆಯಾಗಿದ್ದರೂ, ಒಂದರ ನಿಯಮಕ್ಕೆ ಸರಿಯಾಗಿ ತಯಾರಾದ ಅಥವಾ ಅಲ್ಲಿ ಪರೀಕ್ಷೆಗೊಳಗಾದ ಸರಕನ್ನು ಇನ್ನೊಂದು ದೇಶವು ತನ್ನ ನಿಯಮಕ್ಕೂ ಸರಿಯೆಂದು ಒಪ್ಪುವುದು. ಇದರ ಸುಪ್ರಸಿದ್ಧ ನಿದರ್ಶನ 1979ರಲ್ಲಿ ಯುರೋಪಿನ ನ್ಯಾಯಾಲಯ ಕೊಟ್ಟ ತೀರ್ಪು: ಹಣ್ಣಿನ ಮದ್ಯದಲ್ಲಿ ಶೇಕಡ 25ರಷ್ಟು ಆಲ್ಕೋಹಾಲ್ ಇರಲೇಬೇಕೆಂಬ ಜರ್ಮನಿಯ ನಿಯಮವನ್ನು ಮುಂದೊಡ್ಡಿ, ಫ್ರಾನ್ಸಿನಲ್ಲಿ ಕಾನೂನುಬದ್ಧವಾಗಿ ಮಾರಾಟವಾಗುತ್ತಿದ್ದ ಕಡಿಮೆ ತೀಕ್ಷ್ಣತೆಯ ಪೇಯವನ್ನು ತಡೆಯುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಇದಕ್ಕಿಂತ ಭಿನ್ನವಾದ ಇನ್ನೊಂದು ದಾರಿ ಏಕರೂಪೀಕರಣ. ಅದರಲ್ಲಿ ಎರಡೂ ಕಡೆಯವರು ತಮ್ಮ ನಿಯಮಗಳನ್ನು ಬಿಟ್ಟು ಒಂದೇ ನಿಯಮಕ್ಕೆ ಬರುತ್ತಾರೆ, ಅಥವಾ ಬಹುಮಟ್ಟಿಗೆ ಬಲಹೀನರು ಬಲವಂತರ ನಿಯಮಕ್ಕೆ ಬರುತ್ತಾರೆ. ಮೂರನೆಯದು, ನಿಯಮವನ್ನು ಮುಟ್ಟದೆ ಪರೀಕ್ಷೆಯ ಫಲಿತಾಂಶವನ್ನು ಮಾತ್ರ ಒಪ್ಪುವುದು. ಧಾರವಾಡ ಸೀಮೆಯ ಹತ್ತಿಯ ಚರಿತ್ರೆಯಲ್ಲಿ ಈ ಮೂರರ ಪ್ರಯತ್ನಗಳೂ ಕಾಣಸಿಗುತ್ತವೆ, ಗೆದ್ದವು ಕಡಿಮೆ.

ಈ ಸೀಮೆಯ ಎರೆ ಭೂಮಿಯಲ್ಲಿ ಪರಂಪರೆಯಿಂದ ಬೆಳೆಯುತ್ತಿದ್ದುದು ಜವಾರಿ ಹತ್ತಿ. ಅದು ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಮುಂಬಯಿ ಮತ್ತು ಲಿವರ್‌ಪೂಲಿನ ಪೇಟೆಗಳಲ್ಲಿ ಬೆಳೆದ ಹೊಲದ ಹೆಸರನ್ನು ಬಿಟ್ಟು ‘ಕುಮಟಾ’ ಎಂಬ ಬಂದರಿನ ಹೆಸರಿನಿಂದಲೇ ಹೆಸರಾಯಿತು. 1840ರ ದಶಕದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅಮೆರಿಕದಿಂದ ಕರೆಸಿದ ಹತ್ತಿ ಕೃಷಿಕರಲ್ಲಿ ಒಬ್ಬನಾದ ಮರ್ಸರ್ ಎಂಬವನನ್ನು ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನ ಪ್ರಯೋಗ ಹೊಲಕ್ಕೆ ನೇಮಿಸಲಾಯಿತು. ಧಾರವಾಡದ ಕಲೆಕ್ಟರ್ ಎ. ಎನ್. ಶಾ ಅವರ ಆಸಕ್ತಿಯೂ ಸೇರಿ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ರೈತರ ಹೊಲಗಳಿಗೆ ಹರಡಿತು. ಭಾರತದ ಬೇರೆ ಕಡೆಗಳಲ್ಲಿ ಹೆಚ್ಚಾಗಿ ಸೋತ ಈ ಪ್ರಯೋಗ ಧಾರವಾಡದಲ್ಲಿ ನೆಲೆನಿಂತಿತು, ಮತ್ತು ‘ಧಾರವಾಡ ಅಮೆರಿಕನ್’ ಎಂಬ ಹೊಸ ವರ್ಗವೊಂದು ವ್ಯಾಪಾರದ ಪಟ್ಟಿಗಳಲ್ಲಿ ಕಾಣಿಸಿಕೊಂಡಿತು. ರೈತರ ಬಾಯಲ್ಲಿ ಅದು ವಿಲಾಯತಿ ಹತ್ತಿ.

ಎರಡು ಹತ್ತಿಗಳಿಗೂ ಕಾಳು ಬಿಡಿಸುವ ಪದ್ಧತಿ ಬೇರೆಯಾಗಿತ್ತು, ಮತ್ತು ಮುಂದಿನ ಜಗಳದ ಬೇರು ಇರುವುದು ಇಲ್ಲಿಯೇ. ಜವಾರಿ ಹತ್ತಿಯನ್ನು ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹರಡಿ, ಕಬ್ಬಿಣದ ಸರಳೊಂದನ್ನು ಪಾದಗಳಿಂದ ಉರುಳಿಸುತ್ತ ಕಾಳನ್ನು ಬೇರ್ಪಡಿಸಿ ಅರಳೆಯನ್ನು ತೆಗೆಯುತ್ತಿದ್ದರು. ನಿಧಾನವಾದ ಈ ಕೆಲಸದಲ್ಲಿ ಎಳೆಗೆ ಪೆಟ್ಟು ಬೀಳುತ್ತಿರಲಿಲ್ಲ. ವಿಲಾಯತಿ ಹತ್ತಿಯ ಎಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅದಕ್ಕೆ ಅಮೆರಿಕನ್ ಮಾದರಿಯ ಗರಗಸದ ಹಲ್ಲಿನ ಯಂತ್ರ ಬೇಕಾಯಿತು. ಧಾರವಾಡದಲ್ಲಿ ಡಾ. ಫೋರ್ಬ್ಸ್ ಅವರ ಮೇಲ್ವಿಚಾರಣೆಯ ಸರ್ಕಾರಿ ಕಾರ್ಖಾನೆಯೊಂದು ಈ ಯಂತ್ರಗಳನ್ನು ಮಾಡಿ, ರಿಪೇರಿ ಮಾಡಿ ಹಳ್ಳಿಗಳಿಗೆ ಒದಗಿಸುತ್ತಿತ್ತು. ಹಲ್ಲು ಸವೆದ ಅಥವಾ ಡೊಂಕಾದ ಯಂತ್ರ ಎಳೆಯನ್ನು ಕತ್ತರಿಸಿ ಕಾಳಿನ ಚೂರುಗಳನ್ನು ಅರಳೆಯೊಳಗೆ ಬೆರೆಸುತ್ತದೆ. ಹಳ್ಳಿಯ ಕಮ್ಮಾರನಿಗೆ ಅದನ್ನು ಸರಿಪಡಿಸುವ ವಿದ್ಯೆ ಇರಲಿಲ್ಲ. ಲಿವರ್‌ಪೂಲಿನ ದಲ್ಲಾಳಿಗೆ ಬೇಲ್ ಬಿಚ್ಚಿದಾಗ ಕಂಡ ಕಸದಲ್ಲಿ ವಂಚನೆ ಎಷ್ಟು, ಯಂತ್ರದ ದೋಷ ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಅಸಾಧ್ಯವಾಗಿತ್ತು, ಮತ್ತು ಅವನು ಎರಡನ್ನೂ ವಂಚನೆಯ ಲೆಕ್ಕಕ್ಕೇ ಹಾಕಿದನು.

ವಂಚನೆ ಇರಲಿಲ್ಲವೆಂದು ಇದರ ಅರ್ಥವಲ್ಲ. ಸಾಲ ಕೊಟ್ಟು ಬೆಳೆಯನ್ನು ಮೊದಲೇ ಹಿಡಿದಿಟ್ಟುಕೊಳ್ಳುವ ಸಾಹುಕಾರ, ಅವನಿಂದ ಕೊಳ್ಳುವ ಪೇಟೆಯ ಅಡತಿದಾರ, ಘಟ್ಟದ ದಾರಿಯ ಬಂಡಿಗಾರ, ಕುಮಟಾದ ಗೋದಾಮಿನವನು, ಮುಂಬಯಿಯಲ್ಲಿ ಅಂಡಿಗೆಗಳನ್ನು ಬಿಚ್ಚಿ ಒತ್ತಿ ಬೇಲ್ ಕಟ್ಟುವವನು, ಹೀಗೆ ಹಲವು ಕೈಗಳನ್ನು ದಾಟುವಾಗ ವಿಲಾಯತಿ ಹತ್ತಿಗೆ ಜವಾರಿ ಹತ್ತಿ ಬೆರೆಯುತ್ತಿತ್ತು, ನೀರು ಚಿಮುಕಿಸಿ ತೂಕ ಏರಿಸಲಾಗುತ್ತಿತ್ತು, ಕಾಳು ಮತ್ತು ಮಣ್ಣು ಒಳಗೆ ಸೇರುತ್ತಿದ್ದವು. ಆದರೆ ಪ್ರತಿ ಕೈಯೂ ತನ್ನ ಹಿಂದಿನವನಿಗೆ ಶುದ್ಧ ಮಾಲಿಗಾಗಿ ಹೆಚ್ಚಿನ ಬೆಲೆ ಕೊಡುತ್ತಿರಲಿಲ್ಲವೆಂಬುದು ಅಷ್ಟೇ ಮುಖ್ಯವಾದ ಸಂಗತಿ. ಲ್ಯಾಂಕಷೈರಿನ ಗಿರಣಿಗಳು ಭಾರತದ ಹತ್ತಿಯೆಲ್ಲವನ್ನೂ ‘ಸೂರತ್’ ಎಂಬ ಒಂದೇ ತಿರಸ್ಕಾರದ ಹೆಸರಿನಲ್ಲಿ ಮೂಟೆಕಟ್ಟಿದ ಕಾಲದಲ್ಲಿ, ಚೊಕ್ಕವಾಗಿ ಬಿಡಿಸಿದ ಧಾರವಾಡದ ಅರಳೆಗೂ ಆ ಹೆಸರಿನ ಕಳಂಕದ ಪಾಲು ತಪ್ಪುತ್ತಿರಲಿಲ್ಲ.

ಸರ್ಕಾರದ ಉತ್ತರ ದಂಡನೆಯ ಕಾನೂನಾಗಿತ್ತು. ಮುಂಬಯಿ ಪ್ರಾಂತದಲ್ಲಿ 1829ರಷ್ಟು ಹಿಂದೆಯೇ ಹತ್ತಿಯ ಕಲಬೆರಕೆಯ ವಿರುದ್ಧ ಒಂದು ರೆಗ್ಯುಲೇಷನ್ ಬಂದಿತ್ತು. ಅಮೆರಿಕದ ಅಂತರ್ಯುದ್ಧದಿಂದಾಗಿ 1861ರಿಂದ 1865ರವರೆಗೆ ಲ್ಯಾಂಕಷೈರಿಗೆ ಹತ್ತಿಯ ಬರ ಬಂದಾಗ ಇದ್ದಕ್ಕಿದ್ದಂತೆ ಧಾರವಾಡದ ಅರಳೆ ಅನಿವಾರ್ಯವಾಯಿತು; ಮ್ಯಾಂಚೆಸ್ಟರಿನಲ್ಲಿ 1857ರಲ್ಲೇ ಸ್ಥಾಪನೆಯಾಗಿದ್ದ ಹತ್ತಿ ಪೂರೈಕೆ ಸಂಘದ ಒತ್ತಾಯ ಬಲವಾಯಿತು; ಕಾರವಾರ ಬಂದರನ್ನು ಹತ್ತಿ ಬೆಳೆಯುವ ಜಿಲ್ಲೆಗಳೊಂದಿಗೆ ಒಂದೇ ಆಡಳಿತದಡಿ ತರುವ ಸಲುವಾಗಿ ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಕಿತ್ತು ಮುಂಬಯಿಗೆ ಸೇರಿಸಲಾಯಿತು. ಬಟ್ಟೆ ಗಿರಣಿಯ ಅವಸರಕ್ಕೆ ಒಂದು ಜಿಲ್ಲೆಯ ಗಡಿಯೇ ಬದಲಾದ ಈ ಘಟನೆಯನ್ನು ಕರ್ನಾಟಕದ ಏಕೀಕರಣದ ಚರಿತ್ರೆಯಲ್ಲಿ ಇನ್ನೂ ಹೆಚ್ಚು ಗಮನಿಸಬೇಕಾಗಿದೆ. ಮರುವರ್ಷ, 1863ರಲ್ಲಿ, ಮುಂಬಯಿಯ ಶಾಸನ ಸಭೆ ಹತ್ತಿ ವಂಚನೆ ಕಾಯ್ದೆಯನ್ನು ಮಾಡಿತು. ಅದರ ಪ್ರಕಾರ ತನಿಖಾಧಿಕಾರಿಗಳು ನೇಮಕವಾದರು, ಒತ್ತುವ ಪ್ರೆಸ್‌ಗಳಿಗೆ ಪರವಾನಗಿ ಬೇಕಾಯಿತು, ಕಲಬೆರಕೆಯ ಮಾಲು ಇಟ್ಟುಕೊಂಡವನಿಗೆ ಶಿಕ್ಷೆ ನಿಗದಿಯಾಯಿತು, ಮತ್ತು ಈ ಇಲಾಖೆಯ ಖರ್ಚನ್ನು ಹತ್ತಿಯ ಮೇಲಿನ ಶುಲ್ಕದಿಂದಲೇ ಭರಿಸಲಾಯಿತು.

ಈ ಕಾಯ್ದೆಯ ದೊಡ್ಡ ಕೊರತೆ ಅದು ಎಲ್ಲಿಯವರೆಗೆ ನಡೆಯುತ್ತಿತ್ತು ಎಂಬುದರಲ್ಲಿದೆ. ಧಾರವಾಡದ ತನಿಖಾಧಿಕಾರಿ ಶುದ್ಧವೆಂದು ಬಿಟ್ಟ ಬೇಲ್ ಲಿವರ್‌ಪೂಲಿನ ಹಡಗುಕಟ್ಟೆಯಲ್ಲಿ ಇಳಿದ ಮೇಲೆ ಅವನ ಮಾತಿಗೆ ಅಲ್ಲಿ ಯಾವ ಕಾನೂನು ಬೆಲೆಯೂ ಇರಲಿಲ್ಲ. 1841ರಿಂದ ಅಲ್ಲಿದ್ದ ದಲ್ಲಾಳಿಗಳ ಸಂಘದ ಸದಸ್ಯರು ತಮ್ಮದೇ ಮಾದರಿಗಳೊಂದಿಗೆ ಹೋಲಿಸಿ ದರ್ಜೆ ನಿರ್ಧರಿಸುತ್ತಿದ್ದರು, ತಕರಾರು ಬಂದರೆ ಅವರೇ ಪಂಚರಾಗಿ ತೀರ್ಪು ಕೊಡುತ್ತಿದ್ದರು. ಅಂದರೆ ಸರಕು ಎರಡು ಸಲ ಪರೀಕ್ಷೆಗೊಳಗಾಗುತ್ತಿತ್ತು, ಮೊದಲನೆಯ ಪರೀಕ್ಷೆಯ ಖರ್ಚು ಮಾರುವವನ ತಲೆಯ ಮೇಲೆ ಬೀಳುತ್ತಿತ್ತು, ಎರಡನೆಯದರಲ್ಲಿ ಅವನಿಗೆ ಬಾಯಿಯೇ ಇರಲಿಲ್ಲ. ಎರಡು ಅಧಿಕಾರಗಳ ನಡುವೆ ಮಾನ್ಯತೆಯ ಒಪ್ಪಂದವಿಲ್ಲದೆ ಹೋದರೆ ತಪಾಸಣೆ ಎಂಬುದು ಗುಣಮಟ್ಟದ ಭರವಸೆಯ ಬದಲು ಕೇವಲ ಇನ್ನೊಂದು ತೆರಿಗೆಯಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಹಳೆಯ ಉದಾಹರಣೆ ಸಿಗುವುದು ಕಷ್ಟ. ಮುಂಬಯಿಯ ವರ್ತಕರು ಕಾಯ್ದೆಯನ್ನು ವಿರೋಧಿಸಿದ್ದೂ, ಮ್ಯಾಂಚೆಸ್ಟರಿನವರು ಅದನ್ನು ಉಳಿಸಬೇಕೆಂದು ಹಟ ಹಿಡಿದದ್ದೂ ಈ ದೃಷ್ಟಿಯಿಂದ ನೋಡಿದರೆ ಸಹಜವಾಗಿಯೇ ಇದೆ. 1878ರಲ್ಲಿ ತಿದ್ದಿದ ಕಾಯ್ದೆಯೊಂದು ಬಂದರೂ ಅದು ಬಾಳಲಿಲ್ಲ. 1880ರ ದಶಕದ ಆರಂಭಕ್ಕೆ ಇಡೀ ವ್ಯವಸ್ಥೆ ರದ್ದಾಯಿತು. ಅಷ್ಟರಲ್ಲಿ ಅಮೆರಿಕದ ಹತ್ತಿ ಲಿವರ್‌ಪೂಲಿಗೆ ಮರಳಿ, ಧಾರವಾಡದ ಗರಗಸದ ಯಂತ್ರಗಳು ತುಕ್ಕು ಹಿಡಿಯತೊಡಗಿದ್ದವು.

ಇದೇ ಹೊತ್ತಿಗೆ ಹುಬ್ಬಳ್ಳಿಯ ವ್ಯಾಪಾರಕ್ಕೆ ಸಂಬಂಧಿಸಿದ ಇನ್ನೊಂದು ಒಪ್ಪಂದವೂ ಏರ್ಪಟ್ಟಿತ್ತು. ಬ್ರಿಟನ್ ಮತ್ತು ಪೋರ್ಚುಗಲ್‌ಗಳ ನಡುವೆ 1878ರ ಡಿಸೆಂಬರಿನಲ್ಲಿ ಸಹಿಯಾಗಿ 1880ರಲ್ಲಿ ಜಾರಿಗೆ ಬಂದ ವಾಣಿಜ್ಯ ಒಪ್ಪಂದವು ಗೋವಾ ಮತ್ತು ಬ್ರಿಟಿಷ್ ಭಾರತದ ನಡುವಿನ ಸುಂಕದ ಕಟ್ಟೆಗಳನ್ನು ತೆಗೆದುಹಾಕಿತು, ಮುರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬರುವ ರೈಲು ದಾರಿಗೆ ಅವಕಾಶ ಮಾಡಿಕೊಟ್ಟಿತು. ಹೆಸರಿಗೆ ಇದು ಪರಸ್ಪರ ಒಪ್ಪಂದ. ವಾಸ್ತವದಲ್ಲಿ ಗೋವಾ ತನ್ನ ಸುಂಕದ ದರಗಳನ್ನೂ ಉಪ್ಪು ಮತ್ತು ಅಬಕಾರಿಯ ನಿಯಮಗಳನ್ನೂ ಬ್ರಿಟಿಷ್ ಭಾರತದ ನಿಯಮಗಳಿಗೆ ಹೊಂದಿಸಿಕೊಂಡಿತು, ಅದಕ್ಕೆ ಪ್ರತಿಯಾಗಿ ವರ್ಷಕ್ಕೆ 4 ಲಕ್ಷ ರೂಪಾಯಿ ಪಡೆಯಿತು. ಮೇಲೆ ಹೇಳಿದ ಏಕರೂಪೀಕರಣದ ಮಾದರಿ ಇದು. ಉಪ್ಪಿನಿಂದ ಬದುಕುತ್ತಿದ್ದ ಗೋವಾದ ಜನರಿಗೆ ಅದು ಸಹ್ಯವಾಗಲಿಲ್ಲ. 12 ವರ್ಷಗಳ ಅವಧಿ ಮುಗಿದು 1892ರಲ್ಲಿ ಒಪ್ಪಂದ ಬಿದ್ದುಹೋಯಿತು. ರೈಲು ಮಾತ್ರ ಉಳಿಯಿತು. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಹುಬ್ಬಳ್ಳಿಯನ್ನು ಮುಟ್ಟಿ, ಕ್ಯಾಸಲ್‌ರಾಕ್‌ನ ಮೂಲಕ ಸಮುದ್ರಕ್ಕೆ ಜೋಡಿಸಿದ ಮೇಲೆ ಕುಮಟಾದ ಬಂದರು ಬಡವಾಯಿತು, ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳು ಹುಬ್ಬಳ್ಳಿ ಗದಗಗಳಲ್ಲಿ ಎದ್ದವು. ಬಂದರಿನ ವ್ಯಾಪಾರ ಹೋದರೂ ‘ಕುಮಟಾ’ ಎಂಬ ದರ್ಜೆಯ ಹೆಸರು ಹಾಗೆಯೇ ನಡೆಯಿತು.

ಕಲಬೆರಕೆಯ ಪ್ರಶ್ನೆ ಮತ್ತೆ ಸರ್ಕಾರದ ಮೇಜಿಗೆ ಬಂದದ್ದು 1917ರಲ್ಲಿ, ಜೇಮ್ಸ್ ಮೆಕೆನ್ನಾ ಅಧ್ಯಕ್ಷತೆಯ ಭಾರತೀಯ ಹತ್ತಿ ಸಮಿತಿ ನೇಮಕವಾದಾಗ. ಅದರ ಶಿಫಾರಸುಗಳಿಂದ 1921ರಲ್ಲಿ ಕೇಂದ್ರ ಹತ್ತಿ ಸಮಿತಿ, 1923ರಲ್ಲಿ ಹತ್ತಿ ಸಾಗಣೆ ಕಾಯ್ದೆ, 1925ರಲ್ಲಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಕಾಯ್ದೆ, 1927ರಲ್ಲಿ ಮುಂಬಯಿ ಹತ್ತಿ ಮಾರುಕಟ್ಟೆ ಕಾಯ್ದೆ ಒಂದರ ಹಿಂದೊಂದು ಬಂದವು. ಹಳೆಯ ಕಾಯ್ದೆ ವಂಚಕನನ್ನು ಹಿಡಿಯಲು ಹೊರಟಿತ್ತು. ಹೊಸವು ಸರಕಿನ ಮೂಲವನ್ನು ಗುರುತಿಸಲು ಹೊರಟವು. ಸಾಗಣೆ ಕಾಯ್ದೆಯ ಪ್ರಕಾರ ಉತ್ತಮ ಹತ್ತಿಯ ಪ್ರದೇಶವೊಂದನ್ನು ರಕ್ಷಿತ ವಲಯವೆಂದು ಸಾರಿ, ಕೀಳು ಹತ್ತಿ ಪರವಾನಗಿಯಿಲ್ಲದೆ ಅಲ್ಲಿಗೆ ಬರದಂತೆ ತಡೆಯಬಹುದಾಗಿತ್ತು. 1925ರ ಕಾಯ್ದೆಯ ಪ್ರಕಾರ ಪ್ರತಿ ಬೇಲಿನ ಮೇಲೆ ಅದನ್ನು ಒತ್ತಿದ ಪ್ರೆಸ್ಸಿನ ಗುರುತು ಮತ್ತು ಕ್ರಮಸಂಖ್ಯೆ ಇರಬೇಕಾಯಿತು.

ಆದರೆ ಹುಬ್ಬಳ್ಳಿಯ ಸುತ್ತ ಒಂದೇ ಸರ್ಕಾರವಿರಲಿಲ್ಲ. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮಿರಜಿಗೆ, ಶಿರಹಟ್ಟಿ ಸಾಂಗಲಿಗೆ. ಸವಣೂರಿಗೆ ಅದರ ನವಾಬರಿದ್ದರು, ಕೊಪ್ಪಳ ನಿಜಾಮರ ರಾಜ್ಯದಲ್ಲಿತ್ತು. ಬ್ರಿಟಿಷ್ ಪ್ರಾಂತದ ಕಾಯ್ದೆ ಆ ಹೊಲಗಳಲ್ಲಿ ತಾನಾಗಿ ನಡೆಯುತ್ತಿರಲಿಲ್ಲವಾದ್ದರಿಂದ, ಸಂಸ್ಥಾನಗಳು ತಮ್ಮ ತಮ್ಮ ಹೆಸರಿನಲ್ಲಿ ಅದೇ ನಿಯಮಗಳನ್ನು ಮಾಡದ ಹೊರತು ಹುಬ್ಬಳ್ಳಿಯ ಪೇಟೆಗೆ ಬರುವ ಬಂಡಿಗಳಲ್ಲಿ ಯಾವುದು ನಿಯಮದೊಳಗಿನದು, ಯಾವುದು ಹೊರಗಿನದು ಎಂಬ ಗೊಂದಲ ತಪ್ಪುವಂತಿರಲಿಲ್ಲ. ಇಂದು ದೇಶದೇಶಗಳ ನಡುವೆ ಕಾಣುವ ತೊಡಕು ಅಂದು ಒಂದು ಹರದಾರಿಯ ಅಂತರದಲ್ಲೇ ಇತ್ತು.

ಭಾರತದಲ್ಲಿ ಸಾಗಣೆ ಕಾಯ್ದೆಯಾದ 1923ರಲ್ಲೇ ಅಮೆರಿಕದಲ್ಲಿ ನಡೆದ ಸಂಗತಿಯನ್ನು ಇದರ ಪಕ್ಕಕ್ಕೆ ಇಟ್ಟು ನೋಡಬೇಕು. ಆ ವರ್ಷದ ಮಾರ್ಚಿನಲ್ಲಿ ಅಮೆರಿಕದ ಕಾಂಗ್ರೆಸ್ ಒಂದು ಕಾನೂನು ಮಾಡಿ, ತನ್ನ ದೇಶದ ಅಂತರರಾಜ್ಯ ಮತ್ತು ವಿದೇಶಿ ಹತ್ತಿ ವ್ಯಾಪಾರದಲ್ಲಿ ತನ್ನ ಕೃಷಿ ಇಲಾಖೆಯ ದರ್ಜೆಗಳನ್ನಲ್ಲದೆ ಬೇರೆ ದರ್ಜೆಗಳನ್ನು ಬಳಸಕೂಡದೆಂದಿತು. ಅದುವರೆಗೆ ತಮ್ಮದೇ ಮಾದರಿಯ ಪೆಟ್ಟಿಗೆಗಳನ್ನಿಟ್ಟುಕೊಂಡು ತೀರ್ಪು ಕೊಡುತ್ತಿದ್ದ ಲಿವರ್‌ಪೂಲ್, ಮ್ಯಾಂಚೆಸ್ಟರ್, ಬ್ರೆಮೆನ್, ಹಾವ್ರ್ ಮುಂತಾದ ಕಡೆಯ ಸಂಘಗಳು ಆಕ್ಷೇಪಿಸಿದವು, ವಾಷಿಂಗ್ಟನ್ನಿಗೆ ಪ್ರತಿನಿಧಿಗಳನ್ನು ಕಳಿಸಿದವು, ಕೊನೆಗೆ ಒಪ್ಪಂದಕ್ಕೆ ಬಂದವು. ಸಾರ್ವತ್ರಿಕ ಹತ್ತಿ ಮಾನದಂಡಗಳೆಂದು ಹೆಸರಾದ ಆ ಒಪ್ಪಂದ ಹೀಗೆ ಜಾರಿಗೆ ಬಂತು. ದರ್ಜೆಗಳು ಅಮೆರಿಕದವು, ತಮ್ಮಲ್ಲಿಗೆ ಬಂದ ಬೇಲುಗಳ ತಕರಾರನ್ನು ಆ ದರ್ಜೆಗಳ ಪ್ರಕಾರ ತೀರ್ಮಾನಿಸುವ ಹಕ್ಕು ಯುರೋಪಿನ ಸಂಘಗಳದು, ಮಾದರಿಗಳ ಪ್ರತಿಗಳನ್ನು ಎರಡೂ ಕಡೆಯ ತಜ್ಞರು ಕಾಲಕಾಲಕ್ಕೆ ಕೂಡಿ ಪರಿಶೀಲಿಸಿ ಮುದ್ರೆ ಹಾಕುವುದು. ಕೊಡುವುದು ಮತ್ತು ಪಡೆಯುವುದು ಎರಡೂ ಇದ್ದ ನಿಜವಾದ ಪರಸ್ಪರ ಮಾನ್ಯತೆ ಇದು. ಲಿವರ್‌ಪೂಲ್ ಧಾರವಾಡಕ್ಕೆ ಎಂದೂ ಕೊಡದಿದ್ದುದನ್ನು ಅಮೆರಿಕಕ್ಕೆ ಕೆಲವೇ ತಿಂಗಳಲ್ಲಿ ಕೊಟ್ಟುದರ ಕಾರಣವನ್ನು ಅಮೆರಿಕದ ತಪಾಸಣೆಯ ಶ್ರೇಷ್ಠತೆಯಲ್ಲಿ ಹುಡುಕುವುದು ಅರ್ಧ ಸತ್ಯ ಮಾತ್ರ. ಅಮೆರಿಕದ ಹತ್ತಿಯಿಲ್ಲದೆ ಲ್ಯಾಂಕಷೈರ್ ನಡೆಯುತ್ತಿರಲಿಲ್ಲ, ಮತ್ತು ಅಮೆರಿಕಕ್ಕೆ ತನ್ನ ಪರವಾಗಿ ಚೌಕಾಸಿ ಮಾಡುವ ಸ್ವಂತ ಸರ್ಕಾರವಿತ್ತು. ಧಾರವಾಡಕ್ಕೆ ಎರಡೂ ಇರಲಿಲ್ಲ.

ಹಾಗಿದ್ದೂ ಈ ದಶಕಗಳು ಬರಡಾಗಿರಲಿಲ್ಲ. ಮುಂಬಯಿಯ ಈಸ್ಟ್ ಇಂಡಿಯಾ ಕಾಟನ್ ಅಸೋಸಿಯೇಷನ್ ಭಾರತೀಯ ಹತ್ತಿಗಳಿಗೆ ದೇಶದೊಳಗೇ ದರ್ಜೆ ಮತ್ತು ಪಂಚಾಯ್ತಿಯ ವ್ಯವಸ್ಥೆ ಮಾಡಿತು. 1924ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಆರಂಭವಾದ ತಾಂತ್ರಿಕ ಪ್ರಯೋಗಾಲಯವು ಎಳೆಯ ಉದ್ದ ಮತ್ತು ಬಲಗಳನ್ನು ಅಳೆದು, ನೂತು ನೋಡಿ, ದಲ್ಲಾಳಿಯ ಬೆರಳಿನ ಅಂದಾಜಿನ ಜಾಗಕ್ಕೆ ಅಂಕಿಗಳನ್ನು ತಂದಿತು. ಧಾರವಾಡದಲ್ಲಿ ಜಿ. ಎಲ್. ಕೊಟ್ಟೂರ ಅವರು ಕುಮಟಾ ಹತ್ತಿಯಿಂದ ಆಯ್ದ ಸುಧಾರಿತ ತಳಿಗಳು ಬೆಳೆಯ ಏಕರೂಪತೆಯನ್ನು ಹೊಲದಲ್ಲೇ ಸಾಧಿಸುವ ದಾರಿ ತೋರಿಸಿದವು. ಕಾಯ್ದೆ ಪ್ರೆಸ್ಸಿನ ಬಾಗಿಲಲ್ಲಿ ನಿಂತು ಮಾಡಲಾಗದ ಕೆಲಸ ಅದು. ಮುಂದೆ 1972ರಲ್ಲಿ ಬಿ. ಎಚ್. ಕತರಕಿ ಅವರು ಧಾರವಾಡದಲ್ಲಿ ರೂಪಿಸಿದ ವರಲಕ್ಷ್ಮಿ ಮಿಶ್ರತಳಿಯಿಂದ, ಉದ್ದ ಎಳೆಯ ಹತ್ತಿಗಾಗಿ ಹೊರದೇಶಗಳ ಕಡೆ ನೋಡುತ್ತಿದ್ದ ಭಾರತದ ಗಿರಣಿಗಳಿಗೆ ದೇಶದ ಮಾಲೇ ಸಿಕ್ಕಿತು. ಕುಸುಗಲ್ಲಿನ ಹೊಲದಲ್ಲಿ ಕಂಪನಿ ಬಯಸಿದ್ದೂ ಉದ್ದ ಎಳೆಯನ್ನೇ. ಅದು ಬಂದದ್ದು ಬೇರೆಯ ಪ್ರಭುತ್ವದಲ್ಲಿ, ಬೇರೆಯವರ ಗಿರಣಿಗಳಿಗಾಗಿ.

ಸ್ವತಂತ್ರ ಭಾರತಕ್ಕೆ ತನ್ನ ಹೆಸರಿನಲ್ಲಿ ಚೌಕಾಸಿ ಮಾಡುವ ಸರ್ಕಾರ ಬಂತು. ರಫ್ತಿನ ಗುಣಮಟ್ಟ ಮತ್ತು ತಪಾಸಣೆಗಾಗಿ 1963ರಲ್ಲಿ ಆದ ಕಾಯ್ದೆ, ಹತ್ತಿ ವಂಚನೆ ಕಾಯ್ದೆಗೆ ಸರಿಯಾಗಿ ನೂರು ವರ್ಷ ತುಂಬಿದಾಗ ಬಂತೆಂಬುದು ಕಾಕತಾಳೀಯವಷ್ಟೇ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯೊಂದಿಗೆ ಜಾರಿಗೆ ಬಂದ ತಾಂತ್ರಿಕ ತಡೆಗಳ ಒಪ್ಪಂದವು, ಉದ್ದೇಶ ಈಡೇರುವುದಾದರೆ ಬೇರೆ ದೇಶದ ನಿಯಮಗಳನ್ನು ತಮ್ಮವಕ್ಕೆ ಸಮವೆಂದು ಒಪ್ಪುವುದನ್ನು ಸದಸ್ಯರು ಪರಿಶೀಲಿಸಬೇಕು ಎನ್ನುತ್ತದೆ. ಪರಿಶೀಲಿಸುವುದು ಕಡ್ಡಾಯ, ಒಪ್ಪುವುದು ಕಡ್ಡಾಯವಲ್ಲ. ಭಾರತದ ಸಾವಯವ ಉತ್ಪನ್ನಗಳ ಪ್ರಮಾಣೀಕರಣದಲ್ಲಿ ಇದರ ಫಲ ಕಂಡಿತು: ಭಾರತದ ಪ್ರಾಧಿಕಾರ ಮಾನ್ಯ ಮಾಡಿದ ಸಂಸ್ಥೆಗಳು ಅಮೆರಿಕದ ನಿಯಮದಂತೆ ಪ್ರಮಾಣಪತ್ರ ಕೊಡಬಹುದೆಂಬ ಮಾನ್ಯತೆಯನ್ನು ಅಮೆರಿಕದ ಕೃಷಿ ಇಲಾಖೆ 2006ರಿಂದ ಕೊಟ್ಟಿತ್ತು, 2021ರ ಜನವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಮಾನ್ಯತೆ ಕೊಟ್ಟವರು ಅದನ್ನು ಕಿತ್ತುಕೊಳ್ಳಲೂ ಬಲ್ಲರು, ಮತ್ತು ಆಗ ಹೊಸ ತಪಾಸಣೆಯ ಖರ್ಚು ಮೊದಲು ಬಂದು ತಟ್ಟುವುದು ಬೆಳೆಯುವವನನ್ನೇ.

ದೇಶದೊಳಗಿನ ಪೇಟೆಯಲ್ಲೂ ಇದೇ ಪ್ರಶ್ನೆ ಇದೆ. ಕರ್ನಾಟಕದಲ್ಲಿ 2014ರಿಂದ ಆರಂಭವಾದ ಆನ್‌ಲೈನ್ ಟೆಂಡರಿನ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯಲ್ಲಿ ದೂರದ ಊರಿನ ಖರೀದಿದಾರ ಅಮರಗೋಳದ ಮಾಲಿಗೆ ಕೂತಲ್ಲಿಂದಲೇ ಬೆಲೆ ಕೂಗಬಹುದು. ಆದರೆ ಇಲ್ಲಿಯ ಪ್ರಯೋಗಾಲಯದ ಅಂಕಿಯನ್ನು ಅವನು ನಂಬದಿದ್ದರೆ ಕಣ್ಣಾರೆ ನೋಡಿ ಕೊಳ್ಳುವ ಸ್ಥಳೀಯನಿಗೇ ಮಾಲು ಹೋಗುತ್ತದೆ. ಹತ್ತಿ ಬೇಲುಗಳಿಗೆ ಭಾರತೀಯ ಮಾನಕವನ್ನು ಕಡ್ಡಾಯ ಮಾಡಲು ಕೇಂದ್ರ ಸರ್ಕಾರ 2023ರಲ್ಲಿ ಹೊರಡಿಸಿದ ಆದೇಶದ ಜಾರಿಯನ್ನು ಜಿನ್ನಿಂಗ್ ಉದ್ಯಮದವರ ಆಕ್ಷೇಪದ ನಡುವೆ ಮತ್ತೆ ಮತ್ತೆ ಮುಂದೂಡಲಾಯಿತು. ಯಂತ್ರದ ದೋಷ, ಹೊಲದ ಕಸ ಮತ್ತು ಉದ್ದೇಶಪೂರ್ವಕ ಬೆರಕೆಗಳನ್ನು ಬೇರ್ಪಡಿಸಿ ನೋಡದ ಯಾವ ಕಡ್ಡಾಯವೂ 1863ರ ಕಾಯ್ದೆಯ ಗತಿಯನ್ನೇ ಕಾಣುವ ಸಂಭವವಿರುವುದರಿಂದ, ಆ ಆಕ್ಷೇಪಗಳನ್ನು ಬರಿಯ ಸ್ವಾರ್ಥವೆಂದು ತಳ್ಳಿಹಾಕುವುದು ಸರಿಯಲ್ಲ. ಇತ್ತ ಲಿವರ್‌ಪೂಲಿನ ದಲ್ಲಾಳಿಗಳ ಸಂಘದ ಉತ್ತರಾಧಿಕಾರಿಯಾದ ಸಂಸ್ಥೆ 2004ರಲ್ಲಿ ಅಂತರರಾಷ್ಟ್ರೀಯ ಹತ್ತಿ ಸಂಘವೆಂದು ಹೆಸರು ಬದಲಿಸಿಕೊಂಡಿತು. ಜಗತ್ತಿನ ಹತ್ತಿ ರಫ್ತಿನ ಬಹುಪಾಲು ಒಪ್ಪಂದಗಳು ಇಂದಿಗೂ ಅದರ ನಿಯಮಗಳಿಗೆ ಒಳಪಟ್ಟಿವೆ, ಮತ್ತು ಅವುಗಳಲ್ಲಿ ತಕರಾರು ಎದ್ದರೆ ಪಂಚಾಯ್ತಿ ನಡೆಯುವುದು ಆ ಲಿವರ್‌ಪೂಲಿನ ಸಂಘದ ಎದುರಿನಲ್ಲೇ.